ಅರವತ್ತನಾಲ್ಕರ ಕರು

ನಾವು ಹಸುಗಳಿಗೆ ಹೆಸರಿಡುವುದಿಲ್ಲ.
ನಾನೂರು ತಲೆಗೆ ನಾನೂರು ಹೆಸರು ಎಲ್ಲಿಂದ ತರಲಿ?
ಎಡಗಿವಿಗೊಂದು ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಅಂಕಿ.
ಅವಳು ಅರವತ್ತನಾಲ್ಕು.
ಬಿಳಿ ಮೋರೆ, ಒಂದು ಕಣ್ಣಿನ ಸುತ್ತ ಮಾತ್ರ ಕೆಂಪು,
ಬೇಲಿ ಕಂಡರೆ ಹಾರುವ ಹಳೇ ಚಾಳಿ.

ಮಾರ್ಚ್ ಹನ್ನೊಂದು. ಜುನಿಪರ್ ಮರಗಳಾಚೆ
ಮಗ್ಗುಲಾಗಿ ಮಲಗಿದ್ದಳು, ನಿದ್ದೆ ಹತ್ತಿದವಳ ಹಾಗೆ.
ನಾಲಿಗೆ ಇಲ್ಲ.
ಎಡಗಿವಿ ಇಲ್ಲ, ಅದರೊಂದಿಗೆ ನನ್ನ ಅಂಕಿಯೂ.
ಕೆಂಪು ಕಣ್ಣಿನಿಂದಲೇ ಗುರುತು ಹಿಡಿದೆ.
ಕೆಚ್ಚಲಿದ್ದ ಕಡೆ ತಟ್ಟೆ ಇಟ್ಟು ಗೆರೆ ಎಳೆದಂತೆ ದುಂಡಗೆ
ಏನೂ ಇಲ್ಲ.
ರಕ್ತ ಒಂದು ತೊಟ್ಟೂ ಇಲ್ಲ.
ಹಿಮದ ಮೇಲೆ ಅವಳದೇ ಹೆಜ್ಜೆ, ಬಂದದ್ದು ಮಾತ್ರ.
ಆಮೇಲೆ ನನ್ನ ಬೂಟಿನದು.
ನಾಯಿ ಬೆಲ್ಚಾ ನೂರು ಗಜ ಹಿಂದೆಯೇ ಕೂತುಬಿಟ್ಟಿತು,
ಕರೆದರೆ ನನ್ನನ್ನೂ ಗುರುತಿಲ್ಲದಂತೆ ನೋಡಿತು.

ಡೆಪ್ಯುಟಿ ಲೈಲ್ ಬಂದ, ಟೇಪು ಹಿಡಿದ, ಫೋಟೋ ತೆಗೆದ.
'ಇದು ಹದಿನೇಳನೆಯ ಫೈಲು, ಗ್ರಾಸಿಯಾನಾ' ಅಂದ.
ಪಶುವೈದ್ಯರು ಹೇಳಿದರು: ಮೆತ್ತಗಿರುವುದು ಮೊದಲು ಹೋಗುತ್ತದೆ,
ಹಕ್ಕಿ, ಹುಳ, ಹೊಟ್ಟೆಯುಬ್ಬರ.
'ಈ ಚಳಿಗೆ ಯಾವ ಹುಳ?' ಅಂದೆ.
ಅವರು ತಮ್ಮ ಕೈಗವಸು ನೋಡಿಕೊಂಡರು.
ಪಕ್ಕದ ರ್‍ಯಾಂಚಿನ ಮರ್ಲ್‌ಗೆ ಬೆಟ್ಟದ ಮೇಲೆ ಬೆಳಕು ಕಂಡಿತ್ತಂತೆ.
ಮರ್ಲ್‌ಗೆ ಬೆಳಕು ಕಾಣುವುದು ಶುಕ್ರವಾರ ರಾತ್ರಿಗಳಲ್ಲೇ ಹೆಚ್ಚು.
ಅವನ ಹೆಂಡತಿಗೆ ಅದು ಸರ್ಕಾರದ ಹೆಲಿಕಾಪ್ಟರು,
ಅವಳ ತಂಗಿಗೆ ಸೈತಾನನ ಒಕ್ಕಲು.

ಹದಿನಾರಕ್ಕೇ ಕುರಿ ಕಾಯಲು ಬಾಸ್ಕ್ ಬೆಟ್ಟಗಳಿಂದ
ಈ ಒರೆಗಾನ್ ಬೆಂಗಾಡಿಗೆ ಬಂದ ನನ್ನ ಮಾವ ಹೇಳುತ್ತಿದ್ದ:
ಗೊತ್ತಿಲ್ಲದ್ದಕ್ಕೆ ಹೆಸರಿಡಬೇಡ ಹುಡುಗಿ,
ಹೆಸರಿಟ್ಟರೆ ಊಟಕ್ಕೆ ಬಂದು ಕೂರುತ್ತೆ.

ರಿಜಿಸ್ಟರಿನಲ್ಲಿ ಮೂರೇ ಕಾಲಮ್ಮು.
ಅಂಕಿ. ತಾರೀಖು. ಕಾರಣ.
ಸಿಡಿಲು, ವಿಷದ ಸೊಪ್ಪು, ಬೆಟ್ಟದ ಸಿಂಹ, ಅಡ್ಡ ಸಿಕ್ಕ ಕರು:
ಮೂವತ್ತು ವರ್ಷ ಎಲ್ಲಕ್ಕೂ ಪದ ಸಿಕ್ಕಿತ್ತು.
'ಸಿಡಿಲು ಅಂತಲೇ ಬರೀರಿ ಮೇಡಂ,
ಗೊತ್ತಿಲ್ಲ ಅನ್ನುವುದಕ್ಕೆ ದುಡ್ಡಿಲ್ಲ' ಅಂದ ವಿಮೆಯವನು.
ಹಿಮದಲ್ಲಿ ಸಿಡಿಲೇ?
ಪೆನ್ನಿನ ಮುಚ್ಚಳ ಹಾಕಿದೆ.

ಆ ರಾತ್ರಿ ಬೇಲಿಗುಂಟ ಬಂದ ಅವಳ ಕರು,
ಎರಡು ದಿನದ ಕೂಸು, ಕಂಡ ಕಂಡ ಕಂಬಕ್ಕೆಲ್ಲ ಮೂತಿ ಗುದ್ದುತ್ತ.
ಅದೇ ರಾತ್ರಿ ಇನ್ನೂರೇಳು ಸತ್ತ ಕರು ಹಾಕಿದಳು.
ಕೆಚ್ಚಲು ಬಿರಿಯುವಷ್ಟು ಹಾಲು,
ಅನಾಥನನ್ನು ಹತ್ತಿರ ಬಿಟ್ಟರೆ ಗೋಡೆಗೊದ್ದಳು.

ಚಾಕು ಮಸೆದೆ.
ಸತ್ತದ್ದರ ತೊಗಲು ಸುಲಿದೆ, ಕುತ್ತಿಗೆಯಿಂದ ಬಾಲದ ತನಕ,
ನಾಲ್ಕು ಕಾಲಿಗೆ ನಾಲ್ಕು ತೂತು,
ಬದುಕಿದ್ದವನಿಗೆ ತೊಡಿಸಿ ಹುರಿಯಿಂದ ಬಿಗಿದೆ.
ಕೈ ಪಳಗಿದೆ, ಅಂಚು ಎಲ್ಲೂ ಹರಿಯಲಿಲ್ಲ.
ಕೊಟ್ಟಿಗೆಯ ಹಿಂದೆ ಉಳಿದದ್ದನ್ನು
ಯಾರಾದರೂ ದಾರಿಹೋಕರು ಕಂಡಿದ್ದರೆ
ಲೈಲ್‌ಗೆ ಫೋನು ಮಾಡಿರುತ್ತಿದ್ದರು.

ಇನ್ನೂರೇಳು ಮೂಸಿದಳು. ಹಿಂದೆ ಸರಿದಳು. ಮತ್ತೆ ಮೂಸಿದಳು.
ಗಂಟಲಾಳದಿಂದ ಆ ಸಣ್ಣ ಗುಟುರು ಬಂತು,
ಕರುವಿಗೆ ಮಾತ್ರ ಆಡುವ ಮಾತು.
ಎರಡು ತೊಗಲಿನಡಿ ಒಂದು ಬಾಲ ಅಲ್ಲಾಡಿತು.

ಲಾಟೀನು ಹಿಡಿದು ನಿಂತವಳಿಗೆ ಕಾಲಡಿ ನೆಲ ಒಂದಿಷ್ಟು ಜರುಗಿತು.
ಯಾವುದೋ ಬಾಗಿಲಲ್ಲಿ, ಯಾವುದೋ ಚಳಿಯಲ್ಲಿ
ನನ್ನ ಅಂಕಿಯ ಕಿವಿ ತೊಟ್ಟು
ಅವಳ ನಾಲಿಗೆ ಬಾಯಲ್ಲಿಟ್ಟುಕೊಂಡು
ಯಾರು ನಿಂತಿದ್ದಾರೆ ಈಗ,
ಒಳಗಿನವರು ಮೂಸಿ ನೋಡಲೆಂದು?

ಮರ್ಲ್‌ಗೆ ಇದನ್ನು ಹೇಳಿಲ್ಲ.

ನಾಲ್ಕನೆಯ ದಿನ ಹುರಿ ಕತ್ತರಿಸಿದೆ. ತೊಗಲು ನಾರುತ್ತಿತ್ತು.
ಕರುವಿನ ಸೆಗಣಿಗೂ ಅಷ್ಟರಲ್ಲಿ ಅವಳದೇ ಹಾಲಿನ ವಾಸನೆ.
ಇನ್ನೂರೇಳು ನೆಲಕ್ಕೆ ಬಿದ್ದದ್ದನ್ನು ಮೂಸಿದಳು,
ನಿಂತವನನ್ನು ಮೂಸಿದಳು.
ಆಮೇಲೆ ಇದಿಷ್ಟು ಅದಿಷ್ಟು
ಎರಡನ್ನೂ ನೆಕ್ಕತೊಡಗಿದಳು.